ಕಪೋತಜಾಲ ಮೀಮಾಂಸೆ

ನೆಟ್‌ವರ್ಕ್ ಎಂದೊಡನೆ ತಂತಿ, ಗೋಪುರ, ಮಿಣುಕುವ ರೌಟರುಗಳನ್ನು ನೆನೆಯುವುದು ಅರ್ವಾಚೀನರ ದೌರ್ಬಲ್ಯ. ಅದು ಮೂಲತಃ ಪಾರಿವಾಳದ ವಿಷಯವೆಂಬುದು ಈ ಪ್ರಬಂಧದ ಸಿದ್ಧಾಂತ. ಪ್ರಮಾಣವೂ ಉಂಟು: ಇಂಟರ್ನೆಟ್ಟಿನ ವಿಧಿಗಳು ದಾಖಲಾಗುವ ಆರ್‌ಎಫ್‌ಸಿ ಮಾಲೆಯ 1149ನೆಯ ಪತ್ರದಲ್ಲಿ ಡೇವಿಡ್ ವೈಟ್ಸ್‌ಮನ್ ಹಕ್ಕಿಯ ಕಾಲಿಗೆ ದತ್ತಾಂಶ ಕಟ್ಟಿ ಕಳಿಸುವ ಕ್ರಮವನ್ನು ನಿರೂಪಿಸಿದ್ದಾರೆ. ಪತ್ರದ ದಿನಾಂಕ 1990ರ ಏಪ್ರಿಲ್ 1 ಎಂದು ಆಕ್ಷೇಪಿಸುವವರಿದ್ದಾರೆ. ಅದು ರೆಕ್ಕೆಯಿಲ್ಲದ ಪೂರ್ವಪಕ್ಷ. ಶಾಸ್ತ್ರಕ್ಕೆ ಪಂಚಾಂಗದ ಹಂಗಿಲ್ಲ.

ಇನ್ನು ಪರಿಭಾಷೆ. ಸಂದೇಶವನ್ನು ತುಂಡರಿಸಿ, ಪ್ರತಿ ತುಂಡಿನ ಮೇಲೂ ಕಳಿಸಿದವರ ಮತ್ತು ಪಡೆಯುವವರ ವಿಳಾಸ ಬರೆದರೆ ಅದು ಪ್ಯಾಕೆಟ್. ವೈಟ್ಸ್‌ಮನ್ ಮತದಂತೆ ಅದನ್ನು ಕಾಗದದ ಸುರುಳಿಯ ಮೇಲೆ ಮುದ್ರಿಸಿ ಕಾಲಿಗೆ ಸುತ್ತತಕ್ಕದ್ದು. ಒಮ್ಮೆಗೆ ಹೊರಬಲ್ಲ ಗರಿಷ್ಠ ಗಾತ್ರವೇ ಎಂಟಿಯು. ಈಥರ್ನೆಟ್ಟಿನಲ್ಲಿ ಅದು ಸಾಮಾನ್ಯವಾಗಿ 1500 ಬೈಟ್. ಪಾರಿವಾಳದಲ್ಲಿ 256 ಮಿಲಿಗ್ರಾಂ, ಹಕ್ಕಿಗೆ ವಯಸ್ಸಾದಂತೆ ಹೆಚ್ಚುತ್ತದೆ. ತಾಮ್ರದ ತಂತಿಗೆ ಈ ಭಾಗ್ಯವೆಲ್ಲಿ!

ಪ್ಯಾಕೆಟ್ಟಿಗೆ ಆಯುಸ್ಸೂ ಇದೆ, ಅದೇ ಟಿಟಿಎಲ್. ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗಿ, ಸೊನ್ನೆ ಮುಟ್ಟಿದಲ್ಲಿ ಅದನ್ನು ಬಿಸಾಡಲಾಗುತ್ತದೆ. ಆಕಾಶಮಾರ್ಗದಲ್ಲಿ ಈ ಹೊಣೆ ಗಿಡುಗನದು.

ಪಿಂಗ್ ಎಂದರೆ ‘ಇದ್ದೀರಾ?’ ಎಂದು ಕೂಗಿ ಮಾರುತ್ತರಕ್ಕೆ ಕಾಯುವುದು. 1983ರಲ್ಲಿ ಮೈಕ್ ಮ್ಯೂಸ್ ಬರೆದ ಈ ಪ್ರೋಗ್ರಾಂ ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಹೆಸರು ಪಡೆಯಿತು. 2001ರ ಏಪ್ರಿಲ್ 28ರಂದು ನಾರ್ವೆಯ ಬರ್ಗೆನ್ ಊರಿನ ಲಿನಕ್ಸ್ ಬಳಗದವರು ನಿಜವಾದ ಪಾರಿವಾಳಗಳಿಂದಲೇ ಪಿಂಗ್ ಮಾಡಿಸಿದರು. ಕಳಿಸಿದ್ದು 9, ಉತ್ತರ ಬಂದದ್ದು 4. ಹೀಗೆ ಕಾಣೆಯಾಗುವುದೇ ಪ್ಯಾಕೆಟ್ ಲಾಸ್. ಹೋಗಿ ಬರಲು ಹಿಡಿಯುವ ಹೊತ್ತು ಲೇಟೆನ್ಸಿ. ಅತಿ ಬೇಗ ಬಂದ ಉತ್ತರಕ್ಕೆ ಹಿಡಿದದ್ದು 53 ನಿಮಿಷ, ಅತಿ ತಡವಾಗಿ ಬಂದದ್ದಕ್ಕೆ ಸುಮಾರು ಒಂದೂಮುಕ್ಕಾಲು ಗಂಟೆ. ಮನೆಯ ಇಂಟರ್ನೆಟ್ ಮಿಲಿಸೆಕೆಂಡಿನಲ್ಲಿ ಮುಗಿಸುವ ಕೆಲಸ ಇದೆಂದು ಹೀಗಳೆಯಬಾರದು.

ಏಕೆಂದರೆ ಲೇಟೆನ್ಸಿ ಬೇರೆ, ಬ್ಯಾಂಡ್‌ವಿಡ್ತ್ ಬೇರೆ. ಮೊದಲನೆಯದು ಎಷ್ಟು ಬೇಗ ಎಂಬ ಪ್ರಶ್ನೆ, ಎರಡನೆಯದು ಎಷ್ಟು ಹೊರೆ ಎಂಬುದು. 2009ರಲ್ಲಿ ದಕ್ಷಿಣ ಆಫ್ರಿಕದ ವಿನ್‌ಸ್ಟನ್ ಎಂಬ ಪಾರಿವಾಳ 4 ಜಿಬಿಯ ಕಾರ್ಡನ್ನು ಡರ್ಬನ್ ಸಮೀಪದ ಕಚೇರಿಗೆ ಹೊತ್ತೊಯ್ದಿತು. ಕಾರ್ಡಿನಲ್ಲಿದ್ದುದನ್ನು ಕಂಪ್ಯೂಟರಿಗೆ ಇಳಿಸಿ ಮುಗಿಸುವಾಗ ಎರಡು ಗಂಟೆ ಚಿಲ್ಲರೆ. ಅಷ್ಟರಲ್ಲಿ ಟೆಲಿಫೋನ್ ತಂತಿಯ ಎಡಿಎಸ್‌ಎಲ್ ಇಂಟರ್ನೆಟ್ ಸಾಗಿಸಿದ್ದು ಅದರ ಶೇ 4. ತಂತಿವಾದಿಗಳು ಇದಕ್ಕೆ ಸಮಾಧಾನ ಹೇಳಬೇಕು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಸ್ವೀಕೃತಿ ಬಾರದಿದ್ದರೆ ಅದೇ ಪ್ಯಾಕೆಟ್ಟನ್ನು ಮತ್ತೆ ಕಳಿಸಬೇಕೆಂಬುದು ರವಾನೆಯ ಖಾತರಿ ನೋಡಿಕೊಳ್ಳುವ ಟಿಸಿಪಿ ಎಂಬ ವಿಧಿಯ ಕಟ್ಟಳೆ. ಹಾಗೆ ಎರಡನೆಯ ಹಕ್ಕಿಯನ್ನು ಹಾರಿಬಿಟ್ಟ ಮೇಲೆ, ಎಲ್ಲೋ ಮಾಡಿನ ಮೇಲೆ ಕೂತಿದ್ದ ಮೊದಲನೆಯದೂ ಬಂದಿಳಿದರೆ? ಕ್ರಮಸಂಖ್ಯೆ ನೋಡಿ ಪುನರುಕ್ತಿಯನ್ನು ತಿರಸ್ಕರಿಸಬಹುದು. ಆದರೆ ತಿರಸ್ಕೃತ ಪ್ಯಾಕೆಟ್ ತಂದ ಹಕ್ಕಿಗೆ ಕಾಳು ಹಾಕಬೇಕೇ ಬೇಡವೇ ಎಂಬ ಬಗ್ಗೆ 1149ನೆಯ ಪತ್ರ ಚಕಾರವೆತ್ತುವುದಿಲ್ಲ.