ಗಂಡ ಫೋಕಸ್ಸಿನಲ್ಲಿ, ಹೆಂಡತಿ ಮಸುಕಿನಲ್ಲಿ

ಮದುವೆ ಮನೆಯ ಫೋಟೋಗ್ರಾಫರ್‌ಗಿರುವ ಭಾಗ್ಯ ಹಕ್ಕಿ ಫೋಟೋದವರಿಗೆ ಎಲ್ಲಿಂದ ಬರಬೇಕು? "ಸ್ವಲ್ಪ ಹತ್ರ ಬನ್ನಿ ಸಾರ್, ಮೇಡಂ ಕಡೆ ನೋಡಿ" ಅಂದರೆ ಮದುಮಗ ನಾಚಿಕೊಂಡಾದರೂ ನೋಡುತ್ತಾನೆ. ಹಿತ್ತಲ ದಾಸವಾಳಕ್ಕೆ ಬರುವ ಸೂರಕ್ಕಿಗೆ ಹಾಗಂದು ನೋಡಿ! ಗಂಡು ಈ ರೆಂಬೆ, ಹೆಣ್ಣು ಆ ರೆಂಬೆ, ನಡುವೆ ಅಡ್ಡಗಾಲು ಹಾಕಲು ಒಂದು ಎಲೆ.

ಇಬ್ಬರೂ ಒಂದೇ ಚೌಕಟ್ಟಿಗೆ ಬಂದರು ಅಂತ ಹಿಗ್ಗಬೇಡಿ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 400 ಎಂಎಂ ಲೆನ್ಸ್ ಹಾಕಿ, ಎಫ್ 5.6 ಇಟ್ಟು, 5 ಮೀಟರ್ ದೂರದಿಂದ ಒತ್ತಿದರೆ ಚೊಕ್ಕವಾಗಿ ಕಾಣುವ ಆಳ ಹೆಚ್ಚುಕಡಿಮೆ 5 ಸೆಂಟಿಮೀಟರ್, ಅಷ್ಟೇ. ಸೂರಕ್ಕಿಯೇ ಕೊಕ್ಕಿನಿಂದ ಬಾಲದ ತನಕ ಸುಮಾರು 10 ಸೆಂಟಿಮೀಟರ್ ಇರುತ್ತದೆ! ಹೆಂಡತಿ ಗೇಣು ಹಿಂದೆ ಕೂತಳೋ, ಮಂಜಾದಳು. ಎಫ್ 11ಕ್ಕೆ ಹೋದರೆ ಆಳವೇನೋ ದುಪ್ಪಟ್ಟು. ಬೆಳಕು ಮಾತ್ರ ಕಾಲು ಪಾಲು. ಒಂದು ಗಳಿಗೆ ಸುಮ್ಮನೆ ಕೂರದ ಜೀವಗಳು ಆ ಬೆಳಕಿನಲ್ಲಿ ಅಲುಗಿದರೆ ಇಬ್ಬರೂ ಮಸುಕು. ಹಾಗಾದರೂ ಸಮಾನತೆ ಬಂತಲ್ಲ ಅನ್ನಿ.

ಒಬ್ಬರನ್ನೇ ಆರಿಸಬೇಕಾದಾಗ ನಮ್ಮ ಬೆರಳು ಗಂಡಿನತ್ತಲೇ ಹೋಗುತ್ತದೆ. ಮಿರಮಿರ ಮಿಂಚುವ ಕೊರಳು, ಹಳದಿ ಹೊಟ್ಟೆ, ಆ ಠೀವಿ! ಆಕೆಯದು ಮಾಸಲು ಕಂದು ಬೆನ್ನು. ಆದರೆ ಜೇಡರಬಲೆಯ ನೂಲು, ತೊಗಟೆ ಚೂರು, ಕಸಕಡ್ಡಿ ಹೊತ್ತು ತಂದು ತೂಗುಚೀಲದಂಥ ಗೂಡು ಹೆಣೆಯುವವಳು ಆಕೆಯೇ. ಸಾಹೇಬರು ಆಚೀಚೆ ಹಾರಿ ಮೇಲ್ವಿಚಾರಣೆ ಮಾಡುತ್ತಾರೆ. (ಮರಿಗಳಿಗೆ ಉಣಿಸಲು ಅವರೂ ಬರುತ್ತಾರೆ, ಸುಳ್ಳು ಹೇಳಬಾರದು.) ನಮ್ಮ ಆಲ್ಬಮ್ಮಿನಲ್ಲಿ ಮಾತ್ರ ಅವರದೇ ದರ್ಬಾರು.

ಪಿಕಳಾರದ ಜೋಡಿ ಇನ್ನೂ ಮಜಾ. ಇಬ್ಬರಿಗೂ ಅದೇ ಜುಟ್ಟು, ಅದೇ ಕೆಂಪು ಕೆನ್ನೆ. ಬರಿಗಣ್ಣಿಗೆ ಯಾರು ಯಾರೋ ತಿಳಿಯದು. ಆದರೆ ಫೋಟೋ ನೋಡಿದ ನೆಂಟರಲ್ಲಿ ಒಬ್ಬರಾದರೂ "ಇದೇ ಗಂಡು, ಗತ್ತು ನೋಡಿ" ಅನ್ನದೆ ಬಿಡುವುದಿಲ್ಲ.

ಗೂಡಿನ ಹತ್ತಿರ ಹೊಂಚಿ ಕೂತರೆ ಇಬ್ಬರೂ ಒಟ್ಟಿಗೆ ಸಿಗುತ್ತಾರೆ, ಅಡ್ಡ ಬಂದ ಎಲೆ ಸವರಿದರಾಯಿತು ಅನ್ನುವ ಸಲಹೆಗಾರರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಗಳ ಗೂಡು, ಮೊಟ್ಟೆಗೆ ತೊಂದರೆ ಕೊಡುವುದೂ 'ಬೇಟೆ'ಯ ಲೆಕ್ಕವೇ. ಎಲೆ ಸವರಿದ ಗೂಡು ಕಾಗೆಗೆ ಕಾಣುವುದಂತೂ ಇದ್ದೇ ಇದೆ. ಅದರ ಬದಲು ಮಣ್ಣಿನ ತಟ್ಟೆಯಲ್ಲಿ ನೀರಿಡಿ, ಪಕ್ಕಕ್ಕೊಂದು ಒಣಕೊಂಬೆಯನ್ನು ಲೆನ್ಸಿನೆದುರು ಅಡ್ಡಡ್ಡ ಕಟ್ಟಿ. ಅದರ ಮೇಲೆ ಜೋಡಿ ಕೂತರೆ ಇಬ್ಬರೂ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಒಂದೇ ದೂರ. ಆಗಲಾದರೂ ಫೋಕಸ್ಸನ್ನು ಮೊದಲು ಅವಳ ಕಣ್ಣಿಗಿಡಿ ಮಾರಾಯ್ರೇ.