ಯಾರದೋ ಬೆರಳಿನ ಉಂಗುರ

ಒಡವೆಯೆಂಬುದು ನಮ್ಮ ಹಳೆಯ ಮೈಸೂರು ಸೀಮೆಯ ಸಂಸಾರಗಳಲ್ಲಿ ಒಂದೇ ರೂಪದಲ್ಲಿ ಬಹುಕಾಲ ನಿಲ್ಲತಕ್ಕ ವಸ್ತುವಲ್ಲ. ಮುತ್ತಜ್ಜಿಯ ಡಾಬು ಅಜ್ಜಿಯ ಮದುವೆಗೆ ವಂಕಿಯಾಗಿ, ಆ ವಂಕಿ ಸೊಸೆಯ ಕಾಲಕ್ಕೆ ಅವಲಕ್ಕಿ ಸರವಾಗಿ, ಆ ಸರ ಮೊಮ್ಮಗಳ ಬಾಣಂತನದ ಹೊತ್ತಿಗೆ ನಾಲ್ಕು ಬಳೆಗಳಾಗಿ, ಪ್ರತಿಯೊಂದು ಜನ್ಮದಲ್ಲಿಯೂ ಪತ್ತಾರನ ಕುಲುಮೆಯಲ್ಲಿ ಗುಂಜಿ ಗುಂಜಿಯಷ್ಟು ಸವೆದು, ಕಟ್ಟಕಡೆಗೆ ಯಾವನೋ ಹುಡುಗನ ಇಂಜಿನಿಯರಿಂಗ್ ಕಾಲೇಜಿನ ಶುಲ್ಕವಾಗಿ ಮೋಕ್ಷವನ್ನು ಪಡೆಯುವುದು ಅದರ ಸಹಜವಾದ ಜೀವಿತಕ್ರಮ. ಆದುದರಿಂದ ಒಡವೆ ಹಳೆಯದಾಯಿತೆಂದರೆ ಅದನ್ನು ಮುರಿಸಬೇಕೆಂದು ಅರ್ಥವೇ ಹೊರತು, ಅದಕ್ಕೆ ಹೆಚ್ಚು ಬೆಲೆ ತೆರಬೇಕೆಂದು ಯಾರೂ ಕನಸಿನಲ್ಲಿಯೂ ಭಾವಿಸಿದವರಲ್ಲ.

ಹೀಗಿರಲಾಗಿ, ಲಂಡನ್ನಿನ ಹ್ಯಾರೋ ಎಂಬ ಉಪನಗರದಲ್ಲಿ ಹುಟ್ಟಿ ಬೆಳೆದ ನನ್ನ ಮಗಳು, ತನ್ನ ನಿಶ್ಚಿತಾರ್ಥದ ಉಂಗುರ ನೂರು ವರ್ಷಕ್ಕೆ ಕಡಮೆಯಿಲ್ಲದಷ್ಟು ಹಳೆಯದಾಗಿರಬೇಕು, ಅದು ಪ್ಲಾಟಿನಮ್ಮಿನದಾಗಿರಬೇಕು, ಅದರ ವಜ್ರ ಹಿಂದಿನ ಕಾಲದವರು ಕೈಯಿಂದ ಸಾಣೆ ಹಿಡಿದದ್ದಾಗಿರಬೇಕು ಎಂದು ಊಟದ ಮೇಜಿನ ಬಳಿ ಘೋಷಿಸಿದಾಗ, ಆರು ತಿಂಗಳ ವೀಸಾದ ಮೇಲೆ ಮೈಸೂರಿನಿಂದ ಬಂದಿದ್ದ ನಮ್ಮ ಅತ್ತೆಯವರು ಹುಳಿಯ ಸೌಟನ್ನು ಅರ್ಧದಲ್ಲಿಯೇ ಹಿಡಿದು ನಿಂತರು.

“ಹಳೇದು ಬೇಕಾದರೆ ನನ್ನ ಹತ್ತಿರ ಇಲ್ಲವೇನೇ? ಮುರಿಸಿ ಹೊಸದು ಮಾಡಿಸೋಣ.”

“ಮುರಿಸಬಾರದು ಅಜ್ಜಿ. ಹಳೇದಾಗಿಯೇ ಇರಬೇಕು.”

“ಹಾಗಾದರೆ ಹಳೇದಕ್ಕೆ ದುಡ್ಡು ಕಡಮೆ ತಾನೆ?”

“ಜಾಸ್ತಿ.”

ಅತ್ತೆಯವರು ನನ್ನ ಕಡೆ ತಿರುಗಿ ನೋಡಿದ ನೋಟದಲ್ಲಿ, ಹೆಣ್ಣು ಮಗುವನ್ನು ಬೆಳೆಸುವ ವಿಷಯದಲ್ಲಿ ಅಳಿಯಂದಿರು ತೋರಿಸಿರುವ ಅಶ್ರದ್ಧೆಯ ಇತಿಹಾಸವೆಲ್ಲ ಅಡಕವಾಗಿದ್ದಿತು.

ಪ್ಲಾಟಿನಂ ಎಂದರೇನೆಂದು ವಿವರಿಸುವ ಭಾರ ಸಹಜವಾಗಿ ನನ್ನ ಮೇಲೆ ಬಿದ್ದಿತು. ದಕ್ಷಿಣ ಅಮೆರಿಕದ ಕೊಲಂಬಿಯಾ ಪ್ರಾಂತದಲ್ಲಿ ಹೊಳೆಯ ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದ ಸ್ಪೇನಿನವರು ಈ ಬಿಳಿಯ ಲೋಹವನ್ನು ಚಿನ್ನಕ್ಕೆ ಅಂಟಿದ ಪೀಡೆಯೆಂದು ಬಗೆದು ಪುನಃ ಹೊಳೆಗೇ ಸುರಿಸಿದರೆಂದು ಹೇಳುತ್ತಾರೆ. ಚಿನ್ನ 1064 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿದರೆ ಇದು ಕರಗಬೇಕಾದರೆ 1768 ಡಿಗ್ರಿ ಬೇಕು. ಆಮ್ಲಜನಕವನ್ನು ಊದಿ ಉರಿಸುವ ತೀಕ್ಷ್ಣವಾದ ಜ್ವಾಲೆ ಅಕ್ಕಸಾಲಿಗರ ಕೈಗೆ ಬಂದ ಮೇಲೆಯೇ, ಅಂದರೆ ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿಗೆ, ಪ್ಯಾರಿಸ್ಸಿನ ಕಾರ್ಟಿಯೇ ಮೊದಲಾದವರು ಅದನ್ನು ಒಡವೆಗೆ ಧಾರಾಳವಾಗಿ ಬಳಸಲು ತೊಡಗಿದರು. ಅಲ್ಲಿಯವರೆಗೆ ಯೂರೋಪಿನಲ್ಲಿ ವಜ್ರವನ್ನು ಬೆಳ್ಳಿಯಲ್ಲಿ ಕಟ್ಟುತ್ತಿದ್ದರು. ಬೆಳ್ಳಿ ಕಪ್ಪಾಗಿ ದೊರೆಸಾನಿಯರ ರೇಷ್ಮೆಗೆ ಮಸಿ ಹತ್ತೀತೆಂದು ಹಿಂಭಾಗಕ್ಕೆ ಚಿನ್ನದ ತಗಡು ಹೊದಿಸುತ್ತಿದ್ದರು. ಇಷ್ಟನ್ನೂ ನಾನು ಸಾಕಷ್ಟು ವಿದ್ವತ್ತಿನಿಂದ ನಿರೂಪಿಸಿದೆನಾದರೂ, ಅತ್ತೆಯವರ ಮನಸ್ಸು ಒಂದೇ ಕಡೆ ನೆಟ್ಟಿದ್ದಿತು.

“ನಮ್ಮ ಅಶೋಕ ರಸ್ತೆಯ ಪತ್ತಾರನ ಅಗ್ಗಿಷ್ಟಿಕೆಯಲ್ಲಿ ಅದು ಕರಗೋದಿಲ್ಲ ಅನ್ನಿ.”

“ಇಲ್ಲ.”

“ಕರಗದೇ ಇರೋದು ಒಡವೆ ಹೇಗಾಯಿತು? ಕಷ್ಟಕಾಲಕ್ಕೆ ಏನು ಮಾಡೋದು?”

ಈ ಪ್ರಶ್ನೆಗೆ ರಸಾಯನಶಾಸ್ತ್ರದಲ್ಲಿ ಉತ್ತರವಿಲ್ಲ. ನನ್ನ ಮಟ್ಟಿಗೆ ಅನ್ನಿಸುವುದಾದರೋ, ಆ ಕಾಲದ ಒಡವೆಗಳಲ್ಲಿ ಇಷ್ಟಾದರೂ ಉಳಿದು ಬಂದಿರುವುದಕ್ಕೆ ಯೂರೋಪಿನವರ ಕಲಾಭಿಮಾನವೆಷ್ಟು ಕಾರಣವೋ, ಬೀದಿಯ ಕುಲುಮೆಗೆ ಬಗ್ಗದ ಈ ಲೋಹದ ಹಟವೂ ಅಷ್ಟೇ ಕಾರಣವಾಗಿದ್ದೀತು.

ಮೆಟ್ರೊಪಾಲಿಟನ್ ರೈಲಿನಲ್ಲಿ ಫ್ಯಾರಿಂಗ್ಡನ್ನಿಗೆ ಇಳಿದು ಸ್ವಲ್ಪ ದೂರ ನಡೆದರೆ ಹ್ಯಾಟನ್ ಗಾರ್ಡನ್. ಮೊದಲನೆಯ ಎಲಿಜಬೆತ್ ರಾಣಿಯ ಕೃಪೆಗೆ ಪಾತ್ರನಾಗಿದ್ದ ಕ್ರಿಸ್ಟೊಫರ್ ಹ್ಯಾಟನ್ ಎಂಬಾತನ ಹೆಸರನ್ನು ಹೊತ್ತ ಈ ಬೀದಿಯಲ್ಲಿ ಈಗ ಉದ್ಯಾನವೂ ಇಲ್ಲ, ಹೂವೂ ಇಲ್ಲ. ಎರಡು ಕಡೆಯೂ ವಜ್ರದ ಅಂಗಡಿಗಳ ಸಾಲು. ಕಿವಿಯ ಬೆಂಡೋಲೆಯನ್ನು ಕಳಚಿ ಮನೆಯಲ್ಲಿಟ್ಟು ಬರುವಂತೆ ತಾಯಿಯನ್ನು ಒಪ್ಪಿಸುವುದಕ್ಕಾಗಿ ನನ್ನ ಹೆಂಡತಿ ಆ ಬೀದಿಯ ಪ್ರಸಿದ್ಧವಾದ ಕಳ್ಳತನದ ವೃತ್ತಾಂತವನ್ನು ಹೊರಡುವ ಮೊದಲೇ ಹೇಳಿದ್ದಳು: 2015ರ ಏಪ್ರಿಲಿನಲ್ಲಿ, ಈಸ್ಟರ್ ಹಬ್ಬದ ರಜೆಯ ದಿನಗಳಲ್ಲಿ, ಬಹುಮಟ್ಟಿಗೆ ಅರವತ್ತು ದಾಟಿದ ಮುದುಕರೇ ಇದ್ದ ಒಂದು ತಂಡ ಲಿಫ್ಟಿನ ಬಾವಿಯಲ್ಲಿಳಿದು, ಅರ್ಧ ಮೀಟರು ದಪ್ಪದ ಕಾಂಕ್ರೀಟು ಗೋಡೆಯನ್ನು ಕೊರೆದು, ನೆಲಮಾಳಿಗೆಯ ಪೆಟ್ಟಿಗೆಗಳನ್ನು ದೋಚಿಕೊಂಡು ಹೋಯಿತೆಂದು. ಅತ್ತೆಯವರು ಪೂರ್ತಿಯಾಗಿ ಕೇಳಿ, “ಆ ವಯಸ್ಸಿನಲ್ಲಿ ಅವರಿಗೆ ಮೊಣಕಾಲು ನೋವು ಇರಲಿಲ್ಲವೇ?” ಎಂದು ವಿಚಾರಿಸಿ, ಬೆಂಡೋಲೆಯನ್ನು ಹಾಕಿಕೊಂಡೇ ಹೊರಟರು.

ಅಂಗಡಿಯ ಬಾಗಿಲಿಗೆ ಗಂಟೆ ಬಾರಿಸಬೇಕು. ಒಂದು ಬಾಗಿಲು ಮುಚ್ಚಿದ ಹೊರತು ಇನ್ನೊಂದು ತೆರೆಯದು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಅಬ್ದುರ್ ರಜಾಕನು ರತ್ನಪಡಿ ವರ್ತಕರು ಮುತ್ತು ವಜ್ರಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಬಳ್ಳದಲ್ಲಿ ಅಳೆದು ಮಾರಿದರೆಂಬುದು ನಮ್ಮ ಮೇಷ್ಟರುಗಳ ಔದಾರ್ಯವಿದ್ದರೂ ಇರಬಹುದು. ಆ ಪರಂಪರೆಗೆ ಸೇರಿದ ನಾವು ಐವರು ಎರಡು ಬಾಗಿಲುಗಳ ನಡುವಣ ಗಾಜಿನ ಗೂಡಿನಲ್ಲಿ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತೆವು. ಐದನೆಯವನು ಭಾವೀ ಅಳಿಯ. ಸ್ಕಾಟ್ಲೆಂಡಿನ ಸಾಧು ಹುಡುಗ. ಹಣ ಕೊಡತಕ್ಕವನು ಅವನೇ ಆದುದರಿಂದ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ವರ್ತಕನು ವೃದ್ಧ; ಸೌಜನ್ಯಮೂರ್ತಿ. ಕಪ್ಪು ಮಖಮಲ್ಲಿನ ತಟ್ಟೆಯ ಮೇಲೆ ಅವನು ತಂದಿಟ್ಟ ಉಂಗುರವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನಾನೂ ನೋಡಿದೆನು. ಬರಿಗಣ್ಣಿಗೆ ನಯವಾದ ಗೆರೆಯಂತೆ ತೋರುತ್ತಿದ್ದ ಅಂಚು, ಮಸೂರದ ಕೆಳಗೆ, ಒಂದರ ಪಕ್ಕದಲ್ಲೊಂದು ಕೂರಿಸಿದ ಅತಿಸೂಕ್ಷ್ಮವಾದ ಲೋಹದ ಮಣಿಗಳ ಸಾಲಾಗಿ ತೆರೆದುಕೊಂಡಿತು. ಒಂದು ಭಾಗದಲ್ಲಿ ಮಾತ್ರ ಆ ಮಣಿಗಳು ಸವೆದು ಸಪಾಟಾಗಿದ್ದವು. ಪಕ್ಕದ ಬೆರಳು ಉಜ್ಜಿದ ಜಾಗವಿರಬೇಕು. ಆಮೇಲೆ ಅತ್ತೆಯವರು ಮಸೂರವನ್ನು ತೆಗೆದುಕೊಂಡು, ಕಲ್ಲಿನ ಮೇಲೆ ಬಾಯಿಂದ ಹಬೆಯೂದಿ, ಹಬೆ ಆ ಕ್ಷಣವೇ ಆರಿದುದನ್ನು ಕಂಡು ವಜ್ರವೆಂಬುದನ್ನು ಅನುಮೋದಿಸಿ, ಬಹಳ ಹೊತ್ತು ನೋಡಿ, ತೀರ್ಪು ಕೊಟ್ಟರು:

“ಕಲ್ಲು ತೂತಾಗಿದೆ.”

ನಡುವೆ ಒಂದು ದುಂಡನೆಯ ಕಿಟಕಿ ಕಾಣುತ್ತಿದ್ದುದು ನಿಜ. ಹಳೆಯ ಸಾಣೆಯವರು ವಜ್ರದ ತಳದ ಮೊನೆಯನ್ನು ಚೂಪಾಗಿ ಬಿಡದೆ ಸಣ್ಣದೊಂದು ಮುಖವಾಗಿ ಉಜ್ಜಿಬಿಡುತ್ತಿದ್ದರೆಂದೂ, ಮೇಲಿನಿಂದ ನೋಡಿದವರಿಗೆ ಅದು ರಂಧ್ರದಂತೆ ತೋರುವುದೆಂದೂ, 1919ರಲ್ಲಿ ಮಾರ್ಸೆಲ್ ಟೋಲ್ಕೋವ್‌ಸ್ಕಿ ಎಂಬ ತರುಣ ಬೆಳಕಿನ ಗಣಿತವನ್ನು ಬರೆದು ಪ್ರಕಟಿಸಿದ ಮೇಲೆ ವಜ್ರದ ರೂಪವೇ ಬದಲಾಯಿತೆಂದೂ ವರ್ತಕನು ವಿವರಿಸಿದನು. ಮುದ್ರೆಯೆಲ್ಲಿ ಎಂದು ಅತ್ತೆಯವರು ಕೇಳಿದರು. ಈ ದೇಶದಲ್ಲಿ ಪ್ಲಾಟಿನಮ್ಮಿಗೆ ಸರಕಾರೀ ಮುದ್ರೆಯ ಕಾಯಿದೆ ಜಾರಿಗೆ ಬಂದದ್ದು 1975ರಲ್ಲಿ, ಅದಕ್ಕೆ ಹಿಂದಿನ ಒಡವೆಗೆ ಅದಿಲ್ಲದಿರುವುದೇ ಸಹಜ ಎಂದನು. ತೂತಿರುವುದು ಹಳೆಯತನದ ಗುರುತು, ಮುದ್ರೆಯಿಲ್ಲದಿರುವುದು ಇನ್ನೊಂದು ಗುರುತು. ಇಂಥ ತರ್ಕವನ್ನು ಅವೆನ್ಯೂ ರಸ್ತೆಯ ಯಾವ ಚಿನಿವಾರನೂ ಇದುವರೆಗೆ ಪ್ರಯೋಗಿಸಿದ್ದಿಲ್ಲ.

ಆಗ ಅತ್ತೆಯವರು ಮೈಸೂರಿನಲ್ಲಿರುವ ತಮ್ಮ ತಮ್ಮಂದಿರಿಗೆ, ನಿವೃತ್ತ ಸಂಸ್ಕೃತ ಪಂಡಿತರಿಗೆ, ಫೋನು ಮಾಡಿಸಿದರು. ಅವರು ಪರದೆಯ ಮೇಲೆ ಅರ್ಧ ಹಣೆ ಮಾತ್ರ ಕಾಣುವಂತೆ ದರ್ಶನವಿತ್ತು, ವಿಷಯವನ್ನು ಕೇಳಿ, ಬಿಂದುವುಂಟೇ, ಕಾಕಪಾದವುಂಟೇ ಎಂದು ಕಲ್ಲಿನ ದೋಷಗಳನ್ನು ಮೊದಲು ವಿಚಾರಿಸಿದರು. ಆಮೇಲೆ ವರಾಹಮಿಹಿರನ ಬೃಹತ್ಸಂಹಿತೆಗೆ ಬಂದರು. ಪುತ್ರಾರ್ಥಿನಿಯರಾದ ಸ್ತ್ರೀಯರು ವಜ್ರವನ್ನು ಧರಿಸಲಾಗದೆಂಬುದು ಕೆಲವರ ಮತವೆಂದು ಆಚಾರ್ಯನು ಹೇಳಿರುವನೆಂದಾಗ, ನನ್ನ ಮಗಳು, “ಹಾಗಾದರೆ ಎರಡು ಕೊಳ್ಳೋಣ” ಎಂದಳು. ಅದನ್ನು ಕೇಳಿಸಿಕೊಳ್ಳದೆ ಪಂಡಿತರು, ಉತ್ತಮವಾದ ವಜ್ರ ನೀರಿನಲ್ಲಿ ತೇಲತಕ್ಕದ್ದೆಂಬ ಲಕ್ಷಣವನ್ನು ಉದ್ಧರಿಸಿದರು.

ನನ್ನ ಹೆಂಡತಿ ಒಂದು ಲೋಟ ನೀರು ಕೇಳಿದಳು. ವರ್ತಕನು ವೃದ್ಧೆಗೆ ಬಾಯಾರಿಕೆಯಾಗಿರಬೇಕೆಂದು ಮರುಕಗೊಂಡು, ನಿಂಬೆಯ ಹೋಳನ್ನು ತೇಲಿಬಿಟ್ಟ ತಣ್ಣೀರನ್ನು ತರಿಸಿಕೊಟ್ಟನು. ಅತ್ತೆಯವರು ಅದರೊಳಕ್ಕೆ ಉಂಗುರವನ್ನು ಬಿಟ್ಟರು. ತೇಲಿದ್ದು ನಿಂಬೆಯ ಹೋಳು ಮಾತ್ರ.

ಪಂಡಿತರು ಇದರಿಂದ ಕೊಂಚವೂ ವಿಚಲಿತರಾಗಲಿಲ್ಲ. ನೀರಿಗಿಂತ ಇಪ್ಪತ್ತೊಂದು ಪಟ್ಟು ಭಾರವಾದ ಲೋಹವನ್ನು ಬೆನ್ನಿಗೆ ಕಟ್ಟಿದರೆ ವರಾಹಮಿಹಿರನೇ ಮುಳುಗುತ್ತಿದ್ದನು, ಕಲ್ಲು ತೇಲುವುದಕ್ಕೆ ಸಿದ್ಧವಾಗಿಯೇ ಇದ್ದಿತು, ಪ್ಲಾಟಿನಂ ಎಳೆದುಕೊಂಡು ಹೋಯಿತು ಎಂದು ನಿರ್ಣಯಿಸಿ ಅವರು ಸಂಧ್ಯಾವಂದನೆಗೆ ಎದ್ದರು. ವಜ್ರವೂ ನೀರಿಗಿಂತ ಮೂರೂವರೆ ಪಟ್ಟು ಭಾರವೆಂಬುದನ್ನು ನಾನು ಹೇಳಬಹುದಾಗಿತ್ತು. ಆದರೆ ಹೆಂಡತಿಯ ಸೋದರಮಾವನನ್ನು ತಿದ್ದುವುದರಿಂದ ಯಾವ ಅಳಿಯನಿಗೂ ಶ್ರೇಯಸ್ಸಾದುದಿಲ್ಲ.

ಉಂಗುರವನ್ನು ಒರಸಿಕೊಳ್ಳುತ್ತಿದ್ದ ವರ್ತಕನ ದೃಷ್ಟಿ ಆಗ ಅತ್ತೆಯವರ ಕಿವಿಗಳ ಮೇಲೆ ಬಿದ್ದಿತು. ಏಳೇಳು ಕಲ್ಲಿನ ಹಳೆಯ ಬೆಂಡೋಲೆ, ಅವರ ತಾಯಿಯದು. ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್ ಗಣಿಯ ಕಲ್ಲುಗಳ ಖ್ಯಾತಿಯಿಂದ ನಮ್ಮವರ ಬಾಯಲ್ಲಿ ಬ್ಲೂ ಜಾಗರ್ ಎನ್ನಿಸಿಕೊಂಡ ಜಾತಿ. ಅವನು ಎದ್ದು ನಿಂತು, ಮಸೂರವನ್ನು ಹಿಡಿದು, ಅತ್ಯಂತ ವಿನಯದಿಂದ ಒಂದು ಹೆಜ್ಜೆ ಮುಂದಿಟ್ಟನು. ಅತ್ತೆಯವರು ಎರಡು ಕಿವಿಗಳನ್ನೂ ಸೆರಗಿನಿಂದ ಮುಚ್ಚಿಕೊಂಡು, “ಮುದುಕರು ಅಂತ ಮೊದಲೇ ಹೇಳಿದ್ದಿರಿ” ಎಂದರು.

ನಾನು ಮಾತು ಬದಲಿಸುವುದಕ್ಕಾಗಿ ಪಟಿಯಾಲದ ಮಹಾರಾಜನ ಕಂಠಾಭರಣದ ಪ್ರಸ್ತಾಪವನ್ನೆತ್ತಿದೆನು. ತನ್ನ ಭಂಡಾರದ ಕಲ್ಲುಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಪ್ಯಾರಿಸ್ಸಿಗೆ ಕಳುಹಿಸಿ, 1928ರಲ್ಲಿ ಕಾರ್ಟಿಯೇಯವರಿಂದ 2,930 ವಜ್ರಗಳ ಪ್ಲಾಟಿನಂ ಹಾರವನ್ನು ಅವನು ಮಾಡಿಸಿಕೊಂಡದ್ದೂ, ಸ್ವಾತಂತ್ರ್ಯಾನಂತರ ಅದು ಕಾಣೆಯಾದದ್ದೂ, 1998ರಲ್ಲಿ ದೊಡ್ಡ ಕಲ್ಲುಗಳನ್ನೆಲ್ಲ ಕಳೆದುಕೊಂಡು ಇದೇ ಲಂಡನ್ನಿನ ಹಳೆಯ ಒಡವೆಯ ಅಂಗಡಿಯೊಂದರಲ್ಲಿ ಪತ್ತೆಯಾದದ್ದೂ ವರ್ತಕನಿಗೆ ನನಗಿಂತ ಚೆನ್ನಾಗಿ ತಿಳಿದಿದ್ದಿತು. “ನೋಡಿ, ಕಲ್ಲು ಹೋಯಿತು, ಕಟ್ಟು ಉಳಿಯಿತು” ಎಂದು ನಾನೆಂದರೆ, ಅತ್ತೆಯವರು, “ಮಹಾರಾಜನ ಮನೆಯಲ್ಲೇ ನಿಲ್ಲದ್ದು ನಮ್ಮ ಮನೆಯಲ್ಲಿ ನಿಂತೀತೇ?” ಎಂದರು.

ಕಡೆಯ ತೊಡಕು ಬೇರೆಯೇ ಇದ್ದಿತು. ಉಂಗುರ ಯಾರದು? ಯಾರೋ ಗತಿಸಿದ ದೊರೆಸಾನಿಯ ಆಸ್ತಿಯಿಂದ ಬಂದದ್ದೆಂದು ವರ್ತಕನು ಹೇಳಿದನು. ಹಾಗಾದರೆ ಆಕೆ ಮುತ್ತೈದೆಯಾಗಿ ಹೋದಳೇ? ಗಂಡನಿಗಿಂತ ಮೊದಲು ಸತ್ತಳೇ ಎಂಬ ಪ್ರಶ್ನೆಯನ್ನು ಒಬ್ಬ ವ್ಯಾಪಾರಿಗೆ ಇಂಗ್ಲಿಷಿನಲ್ಲಿ ಸಭ್ಯವಾಗಿ ಹಾಕುವ ಬಗೆಯನ್ನು ಯಾವ ವ್ಯಾಕರಣವೂ ಕಲಿಸಿಲ್ಲ. ಆ ಬಡಪಾಯಿ ತನ್ನ ದಫ್ತರವನ್ನು ತಿರುವಿ ನೋಡಿ, ವಿವರವಿಲ್ಲವೆಂದು ವಿಷಾದಿಸಿದನು. “ಹಾಗಾದರೆ ಮೂರು ರಾತ್ರಿ ತಲೆದಿಂಬಿನ ಕೆಳಗಿಟ್ಟು ಮಲಗಿ ನೋಡಬೇಕು. ವಜ್ರ ಎಲ್ಲರಿಗೂ ಆಗಿಬರೋದಿಲ್ಲ” ಎಂದರು ಅತ್ತೆಯವರು. ಪುಣ್ಯಕ್ಕೆ ಹದಿನಾಲ್ಕು ದಿನಗಳೊಳಗೆ ಹಿಂದಿರುಗಿಸಬಹುದೆಂದು ರಸೀತಿಯಲ್ಲಿಯೇ ಅಚ್ಚಾಗಿದ್ದಿತು. ಸ್ಕಾಟ್ಲೆಂಡಿನ ಹುಡುಗ ಮೌನವಾಗಿ ಹಣ ತೆತ್ತನು. ಚಿಲ್ಲರೆ ಪೌಂಡುಗಳನ್ನು ಬಿಡಿಸದೆ ಅತ್ತೆಯವರು ಕುರ್ಚಿಯಿಂದ ಏಳಲಿಲ್ಲ. ಒಂದು ಕ್ಯಾಲೆಂಡರು ಕೇಳಿದರು, ಸಿಕ್ಕಲಿಲ್ಲ.

ಎರಡು ರಾತ್ರಿ ಯಾವ ಕನಸೂ ಬೀಳಲಿಲ್ಲ. ಮೂರನೆಯ ಬೆಳಗ್ಗೆ ಕಾಫಿಯ ಹೊತ್ತಿಗೆ ಅತ್ತೆಯವರು ಪ್ರಸನ್ನರಾಗಿ ಬಂದು, ಉಂಗುರವನ್ನು ಮೊಮ್ಮಗಳ ಕೈಗಿತ್ತು, ಆಗಿಬಂದಿದೆಯೆಂದರು. ದೊರೆಸಾನಿ ಬಂದಿದ್ದಳಂತೆ. ಸಂಭಾವಿತಳು. ಹಣೆಗೆ ಟೋಪಿ ಅಡ್ಡವಾಗಿದ್ದುದರಿಂದ ಕುಂಕುಮವಿತ್ತೋ ಇಲ್ಲವೋ ಕಾಣಲಿಲ್ಲ. ಆದರೆ ಗಂಡ ಬಾಗಿಲಾಚೆ ಕೊಡೆ ಹಿಡಿದು ಕಾಯುತ್ತಿದ್ದ, ಆದುದರಿಂದ ಆ ವಿಷಯದಲ್ಲಿ ಸಂದೇಹವಿಲ್ಲ. ಹುಡುಗಿಗೆ ಒಳ್ಳೆಯದಾಗಲಿ ಎಂದು ಹೇಳಿ ಕಾಫಿ ಕುಡಿದು ಹೋದಳು.

“ಯಾವ ಭಾಷೆಯಲ್ಲಮ್ಮ ಮಾತಾಡಿದಳು?” ಎಂದು ನನ್ನ ಹೆಂಡತಿ ಕೇಳಿದಳು.

“ಕನ್ನಡದಲ್ಲೇ. ಸತ್ತು ಎಷ್ಟು ವರ್ಷವಾಗಿದೆಯೋ ಏನೋ, ಇಷ್ಟು ಹೊತ್ತಿಗೆ ಕಲಿತಿರೋದಿಲ್ಲವೇ? ನಿನ್ನ ಮಗಳಿಗಿಂತ ಸ್ಪಷ್ಟವಾಗಿ ಮಾತಾಡಿದಳು.”