ಸಿಂಹಕ್ಕೆ ನೆರಳಾದವರು

ಆಫ್ರಿಕಾ ಅಂದರೆ ಉರಿಬಿಸಿಲು ಎಂದು ಯಾವ ಪುಣ್ಯಾತ್ಮ ಹೇಳಿದನೋ! ತಾಂಜಾನಿಯಾದ ಗೊರೊಂಗೊರೊ ಕುಳಿಯ ಅಂಚು ಸಮುದ್ರ ಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಬೆಳಿಗ್ಗೆ ಆರಕ್ಕೆ ಗೇಟು ತೆಗೆಯುವ ಹೊತ್ತಿಗೆ ಕೈಗೆ ಕೈ ಕಾಣದ ಮಂಜು. ಅತ್ತೆಯವರ ಮಂಕಿ ಟೋಪಿ ನೋಡಿ ದಾರಿಯುದ್ದಕ್ಕೂ ನಕ್ಕಿದ್ದ ನನ್ನ ಭಾವಮೈದ, ಐದೇ ನಿಮಿಷದಲ್ಲಿ ಅದನ್ನು ಸಾಲ ಕೇಳಿದ. ಅವರು ಕೊಡಲಿಲ್ಲ.

ಲಕ್ಷಾಂತರ ವರ್ಷಗಳ ಹಿಂದೆ ಜ್ವಾಲಾಮುಖಿ ಕುಸಿದು ಆದ ಕುಳಿ ಅದು. ಸುಮಾರು 600 ಮೀಟರ್ ಆಳ, ತಳವೇ 260 ಚದರ ಕಿಲೋಮೀಟರ್. ವಿಲ್ಡೆಬೀಸ್ಟ್, ಜೀಬ್ರಾ, ಕಾಡೆಮ್ಮೆ, ಬಾಲವನ್ನು ಆಂಟೆನಾದ ಹಾಗೆ ನೆಟ್ಟಗೆ ನಿಲ್ಲಿಸಿ ಓಡುವ ಕಾಡುಹಂದಿ, ಎಲ್ಲವೂ ಇವೆ. ಜಿರಾಫೆ ಮಾತ್ರ ಇಲ್ಲ. ಅತ್ತೆಯವರಿಗೆ ಬೇಕಿದ್ದುದು ಅದೊಂದೇ.

ವೈರ್‌ಲೆಸ್ಸಿನಲ್ಲಿ ‘ಸಿಂಬಾ’ ಎಂಬ ಪದ ಕೇಳಿದ್ದೇ ತಡ, ಅಲ್ಲಿಯವರೆಗೆ ಸಾವಧಾನದ ಮೂರ್ತಿಯಾಗಿದ್ದ ನಮ್ಮ ಗೈಡ್ ಗೇರು ಬದಲಿಸಿದ. ಎಲ್ಲ ದಿಕ್ಕಿನಿಂದಲೂ ಲ್ಯಾಂಡ್ ಕ್ರೂಸರ್‌ಗಳು ಧೂಳೆಬ್ಬಿಸಿಕೊಂಡು ಬಂದವು. ಹೋಗಿ ನೋಡಿದರೆ ವನರಾಜರು ಕಾಲು ಮೇಲೆ ಮಾಡಿ ಮಲಗಿದ್ದಾರೆ. ಸಿಂಹ ದಿನಕ್ಕೆ ಇಪ್ಪತ್ತು ಗಂಟೆಯವರೆಗೂ ಬಿದ್ದುಕೊಂಡಿರಬಲ್ಲದಂತೆ. ಅದನ್ನು ನೋಡಲು ನಾವು ನಾಲ್ಕಕ್ಕೆ ಎದ್ದಿದ್ದೆವು.

ಬಿಸಿಲೇರಿತು. ಕುಳಿಯ ತಳದಲ್ಲಿ ಮರಗಳು ಕಡಿಮೆ. ಗಂಡು ಸಿಂಹವೊಂದು ಎದ್ದು, ಆಕಳಿಸಿ, ಸೀದಾ ನಮ್ಮ ಗಾಡಿಯ ಕಡೆಗೇ ನಡೆದು ಬಂತು. ಎಲ್ಲರೂ ಕ್ಯಾಮೆರಾ ಎತ್ತಿದರು. ಅದು ಇನ್ನೂ ಹತ್ತಿರ ಬಂತು. ಎಲ್ಲರೂ ಕ್ಯಾಮೆರಾ ಇಳಿಸಿದರು. ನಮ್ಮ ಕಡೆ ಕಣ್ಣೂ ಹಾಯಿಸದೆ, ಗಾಡಿಯ ನೆರಳಿನಲ್ಲಿ ಹಿಂದಿನ ಚಕ್ರಕ್ಕೆ ಬೆನ್ನು ಕೊಟ್ಟು ಮಲಗಿಬಿಟ್ಟಿತು!

ಕಿಟಕಿಯಿಂದ ಬಗ್ಗಿದರೆ ಹರಿದ ಕಿವಿಯಂಚು, ಮೂಗಿನ ಮೇಲಿನ ಹಳೆಯ ಗೀರು, ಕಣ್ಣಿನ ಮೂಲೆಯಲ್ಲಿ ಸಾಲುಗಟ್ಟಿದ ನೊಣಗಳು ಎಲ್ಲ ಕಾಣುತ್ತಿದ್ದವು. ಹಸಿ ವಾಸನೆ ಬೇರೆ. ನೊಣವೆಂದು ಹಗುರವಾಗಿ ಕಾಣಬೇಡಿ: 1962ರಲ್ಲಿ ಕಚ್ಚುವ ನೊಣಗಳ ಹಾವಳಿಯಿಂದ ಈ ಕುಳಿಯ ಬಹುಪಾಲು ಸಿಂಹಗಳು ಸತ್ತು ಬೆರಳೆಣಿಕೆಯಷ್ಟು ಉಳಿದಿದ್ದವು. ರಾಜನ ಮರ್ಯಾದೆ ಕಳೆಯುವ ಇನ್ನೊಂದು ಸಂಗತಿಯೂ ಇದೆ. ಅರವತ್ತರ ದಶಕದಲ್ಲಿ ಹಾನ್ಸ್ ಕ್ರೂಕ್ ಎಂಬ ವಿಜ್ಞಾನಿ ಇಲ್ಲಿ ರಾತ್ರಿಯೆಲ್ಲ ಕಾದು ನೋಡಿದಾಗ, ಬೇಟೆಯಾಡುವುದು ಕತ್ತೆಕಿರುಬ, ಕಿತ್ತುಕೊಂಡು ತಿನ್ನುವುದು ಸಿಂಹ ಎಂಬುದು ಎಷ್ಟೋ ಸಲ ಕಂಡುಬಂತು. ಬೆಳಿಗ್ಗೆ ಬಂದ ಪ್ರವಾಸಿಗರು ಕಿರುಬನನ್ನೇ ಕಳ್ಳನೆಂದು ಬೈಯುತ್ತಿದ್ದರು.

ಇತ್ತ ಭಾವಮೈದನಿಗೆ ಬೆಳಗಿನ ಚಹಾ ತನ್ನ ಇರವನ್ನು ನೆನಪಿಸತೊಡಗಿತ್ತು. ಗಾಡಿಯಿಂದ ಇಳಿಯುವಂತಿಲ್ಲ, ಅದು ನಿಯಮ. ಚಕ್ರದ ಪಕ್ಕದಲ್ಲಿ ಸಿಂಹ, ಹಾಗಾಗಿ ಗಾಡಿ ಹೊರಡುವಂತೆಯೂ ಇಲ್ಲ. “ಹಾರ್ನ್ ಮಾಡಪ್ಪಾ” ಎಂದು ಗೋಗರೆದ. ಗೈಡ್ “ಪೋಲೆ ಪೋಲೆ” ಎಂದು ನಕ್ಕ. ನಿಧಾನ, ನಿಧಾನ! ಅತ್ತೆಯವರು ಕೈಮುಗಿದು ನರಸಿಂಹಸ್ವಾಮಿಯನ್ನು ನೆನೆದರು. ಯಾರ ಪುಣ್ಯವೋ, ನೆರಳು ಸರಿಯಿತು. ಅದರ ಜೊತೆ ಸಿಂಹವೂ ಪಕ್ಕದ ಜರ್ಮನ್ನರ ಗಾಡಿಗೆ ಸರಿಯಿತು.

ಇಳಿಯಲು ಅನುಮತಿಯಿರುವುದು ಎನ್‌ಗೊಯ್ಟೊಕಿಟೊಕ್ ಕೊಳದ ದಂಡೆಯಂಥ ಕೆಲವೇ ಕಡೆ. ಭಾವಮೈದ ಶೌಚಾಲಯದಿಂದ ಹೊಸ ಮನುಷ್ಯನಾಗಿ ಬಂದ. ನೀರಿನಲ್ಲಿ ನೀರಾನೆಗಳು ಗೊರಕೆ ಹೊಡೆಯುತ್ತಿದ್ದವು. ಆ ಆನಂದದಲ್ಲಿ ಅವನು ಚಪಾತಿ ಸುರುಳಿಯನ್ನು ಬಾಯಿಯ ಹತ್ತಿರ ತಂದನಷ್ಟೇ. ಮೇಲಿನಿಂದ ಎರಗಿದ ಹದ್ದು ಉಗುರು ತಾಗಿಸದೆ ಅದನ್ನು ಎತ್ತಿಕೊಂಡು ಹೋಯಿತು. ಇಡೀ ದಿನ ನಾವು ಕಣ್ಣಾರೆ ಕಂಡ ಬೇಟೆ ಅದೊಂದೇ.

ನೀವು ಹೋದರೆ ದಯವಿಟ್ಟು ಚಹಾ ಕಡಿಮೆ ಕುಡಿಯಿರಿ, ಬುತ್ತಿಯನ್ನು ಗಾಡಿಯೊಳಗೇ ಬಿಚ್ಚಿ.